ಚಹಾ ಡಬ್ಬಿಯ ಸಂಜೀವಿನಿ

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ನಾನು ಸಾವಿಗೆ ಹೆದರುವವನು. ಅಪ್ಪ ಅರವತ್ತಕ್ಕೆ ಹೋದರು, ನನಗೀಗ ಐವತ್ತೊಂಬತ್ತು. ಹೀಗಾಗಿ ಮೊಬೈಲಿನಲ್ಲಿ ‘ಆಯುಷ್ಯ’ ಎಂಬ ಶಬ್ದ ಕಂಡರೆ ಸಾಕು, ಒಲೆಯ ಮೇಲೆ ಹಾಲು ಉಕ್ಕಿದರೂ ನನಗೆ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ, ಕೊಲೆಸ್ಟ್ರಾಲಿನ ಗುಳಿಗೆ ಇವೆಲ್ಲ ಆಯುಷ್ಯವನ್ನೂ ಬೆಳೆಸಬಹುದೇನೋ ಎಂದು ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗಿಸಿ ಹುಡುಕುತ್ತಿದ್ದಾರಂತೆ. ಮನುಷ್ಯರ ಮಟ್ಟಿಗೆ ಇನ್ನೂ ಖಚಿತವಿಲ್ಲವಂತೆ. ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನು ನಾನು ನಂಬಿದೆ.

ನಂಬಲು ಮನೆಯಲ್ಲೇ ಪುರಾವೆ ಇತ್ತು. ನಮ್ಮವ್ವನಿಗೆ ಎಂಬತ್ತಾರು. ಸದಲಗಾದ ನಮ್ಮ ಮನೆಯಲ್ಲಿ ಇಂದಿಗೂ ಎಮ್ಮೆ ಹಿಂಡುವವಳು ಅವಳೇ. ಎರಡು ವರ್ಷದಿಂದ ಬೆಳಿಗ್ಗೆ ಬಿ.ಪಿ.ಯ ಗುಳಿಗೆ, ರಾತ್ರಿ ಕೊಲೆಸ್ಟ್ರಾಲಿನದು. ತಿಂಗಳು ತಿಂಗಳು ನಾನೇ ತಂದುಕೊಡುವುದು. ರಾತ್ರಿಯದೇ ಸಂಜೀವಿನಿ ಎಂದು ಊರೆಲ್ಲ ಸಾರಿ, ನನಗೂ ಅದನ್ನೇ ಬರೆದುಕೊಡಿ ಎಂದು ಚಿಕ್ಕೋಡಿಯ ಡಾಕ್ಟರರಿಗೆ ದುಂಬಾಲು ಬಿದ್ದೆ.

“ನಿಮ್ಮ ರಿಪೋರ್ಟ್ ಎಲ್ಲಾ ಛಲೋ ಅದಾವ್ರಿ. ಸುಮ್ಮನ ಗುಳಿಗಿ ಯಾಕ್ರಿ?” ಎಂದರು. ರೋಗವಿಲ್ಲವೆಂದು ನಾನು ಬೇಸರಪಟ್ಟದ್ದು ಅದೇ ಮೊದಲು.

ಮರುದಿನ ಕೆಮ್ಮಿಗೆ ಲವಂಗ ಹುಡುಕುತ್ತ ಹಳೆಯ ಚಹಾ ಡಬ್ಬಿಯ ಮುಚ್ಚಳ ತೆಗೆದೆ. ಅದರ ತುಂಬ ಅವ್ವನ ರಾತ್ರಿಯ ಗುಳಿಗೆಗಳು! ಒಂದನ್ನೂ ಪಟ್ಟಿಯಿಂದ ಬಿಡಿಸಿರಲಿಲ್ಲ.

“ಅವ್ವಾ, ಏನಿದು?”

“ಹೊತ್ತು ಮುಳುಗಿದ ಮ್ಯಾಲ ನಾ ನೀರ ಸುದ್ದಾ ಮುಟ್ಟಂಗಿಲ್ಲ, ನಿನಗ ಗೊತ್ತಿಲ್ಲೇನ? ರಾತ್ರಿ ಗುಳಿಗಿ ಹೆಂಗ ನುಂಗ್ಲಿ?”

“ಡಾಕ್ಟರಿಗೆ ಹೇಳಬೇಕಿತ್ತಲ್ಲ?”

“ಪಾಪ, ಅಷ್ಟ ಕಾಳಜಿಲೆ ಬರದ ಕೊಟ್ಟಾರ. ಅವರ ಮನಸ್ಸ ಯಾಕ ನೋಯಿಸ್ಲಿ?”

ಜೈನರ ಮನೆಯಲ್ಲಿ ಹುಟ್ಟಿ, ಬುದ್ಧಿ ಬಂದಾಗಿನಿಂದ ಅವ್ವನ ಈ ವ್ರತ ನೋಡುತ್ತ ಬಂದ ನನಗೆ ಇದು ಹೊಳೆದೇ ಇರಲಿಲ್ಲ. ಮೊಬೈಲಿನಲ್ಲಿ ಜಗತ್ತಿನ ಇಲಿಗಳೆಲ್ಲ ಏನು ನುಂಗಿದವೆಂದು ಓದಿದ್ದೆ, ಅವ್ವ ನುಂಗಿದಳೇ ಎಂದು ಕೇಳಿರಲಿಲ್ಲ. ಸಂಗತಿ ಕೇಳಿ ಡಾಕ್ಟರರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವಳ ರಕ್ತ ಮತ್ತೆ ಪರೀಕ್ಷೆ ಮಾಡಿಸಿ, ಗುಳಿಗೆಯನ್ನು ಸಂಜೆಯ ಊಟದ ಜೊತೆಗೇ ಕೊಡಲು ಹೇಳಿದರು. ಎದುರಿಗೆ ಕೂತು ನುಂಗಿಸುವ ಹೊಣೆ ನನ್ನದಾಯಿತು.

ಸುಮ್ಮನೆ ಹೇಗೆ ಕೂಡುವುದು? ನಾನೂ ಐದೂವರೆಗೇ ತಾಟು ಹಾಕಿಕೊಂಡೆ. ಇಷ್ಟು ವರ್ಷ ಒಬ್ಬಳೇ ಒಂದು ರೊಟ್ಟಿ ಉಣ್ಣುತ್ತಿದ್ದ ಅವ್ವ ಈಗ ಒಂದೂವರೆ ಉಣ್ಣುತ್ತಾಳೆ. ಮೊನ್ನೆ ನನ್ನ ತಾಟಿಗೆ ಶೇಂಗಾ ಚಟ್ನಿ ಬಡಿಸುತ್ತ, “ನಿಮ್ಮಪ್ಪನ್ನ ಎಷ್ಟ ಕರದೆ, ಒಂದಿನಾನೂ ಹಿಂಗ ಜೋಡಿ ಕುಂಡ್ರಲಿಲ್ಲ” ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನನ್ನ ಆಯುಷ್ಯ ಬೆಳೆಯುತ್ತಿದೆಯೋ ಇಲ್ಲವೋ ತಿಳಿಯದು. ಅರವತ್ತು ಹತ್ತಿರ ಬಂದ ಚಿಂತೆಯಂತೂ ಹೋಗಿದೆ. ಈಗ ಇರುವುದು ಒಂಬತ್ತು ಗಂಟೆಯ ಹಸಿವಿನ ಚಿಂತೆ ಮಾತ್ರ.