ಪ್ಲಗ್ ಕಿತ್ತ ಮೇಲಿನ ಕರೆಂಟು

ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ನಮ್ಮ ಮನೆಯ ಹಿಂದಿನ ಶೆಡ್‌ನಲ್ಲಿ ಬೀರುವಿನಷ್ಟು ದೊಡ್ಡ ಹಳೇ ವಿಡಿಯೋ ಗೇಮ್ ಯಂತ್ರವಿದೆ. ಜಗತ್ತಿಗೇ ಈ ಆಟದ ಹುಚ್ಚು ಹತ್ತಿಸಿದ ಅಮೆರಿಕದ ಕಂಪನಿಯೊಂದು ಯುರೋಪಿನವರಿಗೆಂದು ಇದನ್ನು ಈ ದೇಶದಲ್ಲೇ ಜೋಡಿಸಿತ್ತು. ಕೆಟ್ಟು ಮೂಲೆ ಸೇರಿದ್ದನ್ನು ತಂದು ನಾನೇ ರಿಪೇರಿ ಮಾಡಿದೆ. ಹೆಂಡತಿಗೆ ಅದನ್ನು ಕಂಡರಾಗದು. ಬಟ್ಟೆ ಒಣಗಿಸುವ ಜಾಗವನ್ನೆಲ್ಲ ಅದು ನುಂಗಿತ್ತು, ಸದಾ ಮಳೆ ಹನಿಯುವ ಈ ಊರಿನಲ್ಲಿ ಅದೇನು ಸಣ್ಣ ಅಪರಾಧವಲ್ಲ.

ಏಳು ವರ್ಷದ ಮಗಳಿಗೆ ಮಾತ್ರ ಆ ಕಂಪನಿಯ ಕಥೆಯೆಂದರೆ ಪ್ರಾಣ. ಎರಡು ಗೆರೆ, ಒಂದು ಚುಕ್ಕೆ, ಅಷ್ಟೇ ಅವರ ಮೊದಲ ಟೆನಿಸ್ ಆಟ. ಅದನ್ನು ಒಂದು ಬಾರಿನಲ್ಲಿಟ್ಟರು. ಸ್ವಲ್ಪ ದಿನಕ್ಕೇ ಕೆಟ್ಟು ನಿಂತಿದೆಯೆಂದು ಕರೆ ಬಂತು. ಬಿಚ್ಚಿ ನೋಡಿದರೆ ನಾಣ್ಯ ತುಂಬಿ ತುಳುಕಿ ಸಿಕ್ಕಿಹಾಕಿಕೊಂಡಿತ್ತು. ಎಷ್ಟು ಸಲ ಹೇಳಿದರೂ ಅವಳಿಗೆ ಸಾಲದು.

ಈ ಸಲ ಆಯುಧಪೂಜೆಯ ಬೆಳಿಗ್ಗೆ ಯಂತ್ರವನ್ನು ಒಮ್ಮೆ ಓಡಿಸಿ, ಪ್ಲಗ್ ಕಿತ್ತು, ಧೂಳು ಹೊಡೆಯಲು ಹಿಂದಿನ ಹಲಗೆ ಬಿಚ್ಚಿದೆ. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಬರುವಷ್ಟರಲ್ಲಿ ಮಗಳು ಕುಂಕುಮದ ಬಟ್ಟಲು ಹಿಡಿದು ಯಂತ್ರದ ಹಿಂದೆ ನಿಂತಿದ್ದಳು. ಬಲಗೈ ಮೊಣಕೈವರೆಗೂ ಒಳಗಿತ್ತು.

ಇಂಥ ಯಂತ್ರದೊಳಗಿನ ಹಳೇ ಪಿಕ್ಚರ್ ಟ್ಯೂಬು ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಮನೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಸಣ್ಣಪುಟ್ಟದ್ದಕ್ಕೆಲ್ಲ ಕೂಗಾಡುವವನು ನಾನು, ಆಗ ಮಾತ್ರ ಕೂಗುವಂತಿರಲಿಲ್ಲ. ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಕೈ ತಗಲುತ್ತದೆ. ಎಳೆಯಲು ಹೋದರೂ ಅದೇ ಗತಿ.

"ಏನ್ ಮಾಡ್ತಿದೀಯ, ಪುಟ್ಟಿ?" ಎಂದೆ.

"ಕುಂಕುಮ, ಅಪ್ಪ. ಆ್ಯಂಡ್ ಲುಕಿಂಗ್ ಫಾರ್ ಕಾಯಿನ್ಸ್."

"ಮೆತ್ತಗೆ ಕೈ ಹೊರಗೆ ತೆಗಿ. ಏನೂ ಮುಟ್ಬೇಡ."

"ಐ ಆಮ್ ಗ್ರ್ಯಾಂಡ್, ಅಪ್ಪ," ಎಂದು, ನನಗೇನೂ ಆಗಲ್ಲ ಎನ್ನುವುದನ್ನು ಇಲ್ಲಿನವರ ಮಾತಿನಲ್ಲೇ ಹೇಳುತ್ತಾ ಇನ್ನಷ್ಟು ಒಳಗೆ ಬಗ್ಗಿದಳು.

"ಕಾಯಿನ್ ಡಬ್ಬ ಮುಂದ್ಗಡೆ ಐತೆ ಕಣೆ, ಬಾ, ತೋರಿಸ್ತೀನಿ," ಎಂದೆ. ಆಗ ಕೈ ಹೊರಗೆ ಬಂತು.

ಅವಳನ್ನು ಬಾಚಿಕೊಂಡು ಹೋಗಿ, ಬಾಗಿಲಿಗೆ ಬಂದಿದ್ದ ಹೆಂಡತಿಗೆ ಕೊಟ್ಟೆ.

"ಪ್ಲಗ್ ತೆಗ್ದಿದೆಯಲ್ಲಾ, ಯಾಕ್ರೀ ಹಿಂಗ್ ಹೆದರ್ತಿದೀರಾ?" ಎಂದಳು.

ತಂತಿಯ ಒಂದು ತುದಿಯನ್ನು ಟ್ಯೂಬಿನ ಕಬ್ಬಿಣದ ಚೌಕಟ್ಟಿಗೂ ಇನ್ನೊಂದನ್ನು ಸ್ಕ್ರೂಡ್ರೈವರಿಗೂ ಸಿಕ್ಕಿಸಿ, ಅದರ ಮೊನೆಯನ್ನು ಕರೆಂಟು ಉಳಿದಿರುವ ಜಾಗವಾದ ಟ್ಯೂಬಿನ ರಬ್ಬರ್ ಮುಚ್ಚಳದಡಿ ತೂರಿಸಿದೆ. ಫಟ್ಟೆಂದು ನೀಲಿ ಕಿಡಿ ಹಾರಿತು. ಆ ಮುಚ್ಚಳದಿಂದ ಒಂದು ಬೆರಳಗಲ ದೂರದಲ್ಲಿ, ಗಾಜಿನ ಮೇಲೆ ಹಸಿ ಕುಂಕುಮದ ಬೊಟ್ಟಿತ್ತು.

ಹೆಂಡತಿ ಅದನ್ನು ನೋಡಿದಳು. ಮಗಳನ್ನು ಅವುಚಿಕೊಂಡಳು. ಅಮ್ಮನ ತೋಳಿನಿಂದ ತಲೆ ಹೊರಗೆ ಹಾಕಿ ಮಗಳು ಚಪ್ಪಾಳೆ ತಟ್ಟಿದಳು.

"ಡೂ ಇಟ್ ಅಗೇನ್, ಅಪ್ಪ."