ಕೊನೆಯ ಸಾಲಿನ ಕಂಬ

ಸಭಾಂಗಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅರ್ಧ ಆಯಸ್ಸು ಕಳೆದವಳಿಗೆ ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ಕುರ್ಚಿ ಜೋಡಿಸುವುದು, ದೀಪ ಹಾಕುವುದು, ಪರದೆ ಎಳೆಯುವುದು ಅವಳ ಕೆಲಸ. ಊರವರು ಕಟ್ಟಿದ ಕಥೆಗಳನ್ನು ಕೇಳಿ ಹಲ್ಲು ಕಡಿಯುವುದು ಸಂಬಳವಿಲ್ಲದ ಕೆಲಸ.

ಅವುಗಳಲ್ಲಿ ದೊಡ್ಡ ಕಥೆ ಇಬ್ಬರು ಸಂಗೀತ ಸಂಯೋಜಕರದು. ಕನ್ನಡಕದ ಮೇಷ್ಟ್ರು ತಮ್ಮ ಹೊಸ ಹಾಡು ಹಾಡುತ್ತಿದ್ದಾಗ ಮೀಸೆ ಮೇಷ್ಟ್ರು ಮುಂದಿನ ಸಾಲಿನಿಂದ ಎದ್ದು ನಡೆದುಬಿಟ್ಟರಂತೆ. ಆ ಅವಮಾನದ ಕೊರಗಿನಲ್ಲೇ ಕನ್ನಡಕದವರು ತೀರಿಕೊಂಡರಂತೆ. ಬರೀ ಅಂತೆಕಂತೆಗಳ ಸಂತೆ. ಎದ್ದು ಹೋದದ್ದು ನಿಜ. ಇಬ್ಬರೂ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದದ್ದೂ ನಿಜ, ಆದರೆ ಫ್ಯಾನ್ ಹಾಕಬೇಕೋ ಬೇಡವೋ ಎಂಬುದಕ್ಕೆ. ಉಳಿದದ್ದೆಲ್ಲ ಪತ್ರಿಕೆಯವರು ಹಾಕಿದ ಒಗ್ಗರಣೆ.

ವರ್ಷಗಳಾದ ಮೇಲೆ ಒಂದು ಸಂಜೆ ಕನ್ನಡಕದವರ ಮಗಳು ಅದೇ ಹಾಡನ್ನು ಅದೇ ವೇದಿಕೆಯಲ್ಲಿ ಹಾಡುವವಳಿದ್ದಳು. ಅಪ್ಪ ಹೋದಾಗ ಅವಳಿಗಿನ್ನೂ ಮಾತು ತೊದಲುತ್ತಿತ್ತು. ಅವಳ ಪಾಲಿಗೆ ಉಳಿದದ್ದು ಅವರ ಹಾಡು ಮತ್ತು ಈ ಹಗೆ. ಮೀಸೆ ಮೇಷ್ಟ್ರು ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತದ್ದನ್ನು ಪರದೆಯ ಸಂದಿಯಿಂದ ಕಂಡು ಅವಳು ಬೀಗದಕ್ಕನ ಬಳಿಗೆ ಬಂದಳು.

“ಅಕ್ಕ, ಅವರು ಇವತ್ತೂ ಎದ್ದು ಹೋದ್ರೆ ನಾನು ಹಾಡು ನಿಲ್ಲಿಸ್ತೀನಿ. ನಿಮ್ಮ ಕಡೆ ನೋಡ್ತೀನಿ, ಪರದೆ ಎಳೆದುಬಿಡಿ. ಆಮೇಲೆ ಈ ಹಾಡು ನನ್ನ ಬಾಯಲ್ಲಿ ಬರಲ್ಲ.”

“ಅವತ್ತು ಅವರು ಎದ್ದರೂ ಹೊರಗೆ ಹೋಗಲೇ ಇಲ್ಲ ಕಣೇ. ಇದು ಮೈಕಿಲ್ಲದೆ ಹಾಡೋ ಹಾಡು. ಖಾಲಿ ಹಾಲ್‌ನಲ್ಲಿ ಕೇಳಿಸೋ ದನಿ ಜನ ತುಂಬಿದ ಮೇಲೆ ಹಿಂದಕ್ಕೆ ಮುಟ್ಟಲ್ಲ. ಅದಕ್ಕೇ ಒಬ್ಬರು ಹಾಡುವಾಗ ಇನ್ನೊಬ್ಬರು ಕೊನೇ ಸಾಲಿನ ಕಂಬದ ಹತ್ರ ಹೋಗಿ ನಿಲ್ತಿದ್ರು. ಕೇಳಿಸದಿದ್ರೆ ಕೈ ಎತ್ತೋರು, ಕೇಳಿಸಿದ್ರೆ ಎದೆ ಮೇಲೆ ಇಟ್ಕೊಳ್ಳೋರು. ನಾನು ಕಣ್ಣಾರೆ ಕಂಡಿದ್ದೀನಿ.”

“ಹಾಗಿದ್ರೆ ಅವರೇ ಯಾಕೆ ಹೇಳಲಿಲ್ಲ?”

“ಮೊದಮೊದಲು ಇಬ್ಬರಿಗೂ ಅದು ತಮಾಷೆ. ಜಗಳ ಅಂದ್ರೆ ಹಾಲ್ ತುಂಬ್ತಿತ್ತಲ್ಲ. ನಿಮ್ಮಪ್ಪ ಹೋದ ಮೇಲೆ ಹೇಳಿದ್ರು, ಯಾರೂ ನಂಬಲಿಲ್ಲ.”

“ನಾನೂ ನಂಬಲ್ಲ,” ಎಂದು ಅವಳು ವೇದಿಕೆಗೆ ನಡೆದಳು.

ಹಾಡು ಮೆಲುದನಿಯ ಭಾಗಕ್ಕೆ ಬಂತು. ಮುಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಮೀಸೆ ಮೇಷ್ಟ್ರು ಎದ್ದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಲಿನ ಸದ್ದು ಕುರ್ಚಿಗಳ ನಡುವೆ ಹಿಂದಕ್ಕೆ ಸಾಗಿತು. ಹುಡುಗಿಯ ದನಿ ನಡುಗಿತು, ಅವಳು ಬೀಗದಕ್ಕನ ಕಡೆ ತಿರುಗಿದಳು.

ಪರದೆಯ ಹಗ್ಗ ಬೀಗದಕ್ಕನ ಕೈಯಲ್ಲೇ ಇತ್ತು. ಈ ವಯಸ್ಸಿನಲ್ಲಿ ಮನುಷ್ಯ ಮಂಡಿನೋವು ತಾಳಲಾರದೆ ಬಾಗಿಲ ಕಡೆಗೇ ಹೊರಟಿದ್ದರೆ? ಆದರೂ ಹಗ್ಗ ಬಿಟ್ಟು, ಹಿಂದಿನ ಸಾಲಿನ ಕಡೆ ಬೆರಳು ತೋರಿಸಿದಳು.

ಕೋಲಿನ ಸದ್ದು ಕಂಬದ ಬಳಿ ನಿಂತಿತು. ಮೀಸೆ ಮೇಷ್ಟ್ರು ಕಂಬಕ್ಕೆ ಒರಗಿ, ಕೈಯನ್ನು ಮೇಲೆತ್ತಿದರು.

ಹುಡುಗಿ ಉಸಿರೆಳೆದುಕೊಂಡು ದನಿ ಏರಿಸಿದಳು. ಕೈ ಇನ್ನೂ ಮೇಲೇ ಇತ್ತು. ಕೆನ್ನೆಗೆ ನೀರಿಳಿಯುತ್ತಿದ್ದರೂ ಶ್ರುತಿ ತಪ್ಪದಂತೆ ಇನ್ನಷ್ಟು ಏರಿಸಿದಳು. ಆಗ ಆ ಕೈ ನಿಧಾನವಾಗಿ ಇಳಿದು ಎದೆಯ ಮೇಲೆ ಕೂತಿತು.