ಒಬ್ಬರು ಎದ್ದರೆ ಒಬ್ಬರು ಮಲಗುವ ನೌಕೆ

ವತ್ಸಲಾ ಹುಟ್ಟಿದ್ದು ಧಾರವಾಡದಲ್ಲಿ, ಈಗ ಇರುವುದು ಲಂಡನ್ನಿನ ಸ್ಟ್ರಾಟ್‌ಫರ್ಡಿನ ಫ್ಲ್ಯಾಟೊಂದರಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಟೆಸ್ಟಿಂಗ್ ಎನ್ನುತ್ತಾರೆ. ಬೇರೆಯವರು ಬೆವರು ಸುರಿಸಿ ಕಟ್ಟಿದ್ದರಲ್ಲಿ ತೂತು ತೋರಿಸಿ ಸಂಬಳ ಪಡೆಯುವ ಉದ್ಯೋಗ. ಇಂಥ ಹೆಂಗಸಿಗೆ ಐವತ್ತರ ಹೊಸ್ತಿಲಲ್ಲಿ ಸಿನಿಮಾ ಕಥೆ ಬರೆಯುವ ಹುಚ್ಚು ಹಿಡಿಯಿತು, ಅದೂ ಅಂತರಿಕ್ಷದ ಕಥೆ.

ಹುಚ್ಚು ಹಿಡಿಸಿದವನು ಲೋಕೇಶ. ಬೆಂಗಳೂರಿನವನು, ಅವಳ ಆಫೀಸಿನಲ್ಲೇ ಪ್ರೋಗ್ರಾಮರ್. ಲಂಡನ್ನಿನ ಕನ್ನಡಿಗರನ್ನು ಕಟ್ಟಿಕೊಂಡು ಕಿರುಚಿತ್ರವೊಂದನ್ನು ತೆಗೆದೇ ತೀರುತ್ತೇನೆಂದು ಹೊರಟಿದ್ದ. ಭಾನುವಾರ ಮಧ್ಯಾಹ್ನ ಈಸ್ಟ್ ಹ್ಯಾಮಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಕಥೆಯ ಚರ್ಚೆ. ಸಿನಿಮಾ ಆಗುತ್ತದೋ ಬಿಡುತ್ತದೋ, ದೋಸೆಯಂತೂ ಆಗುತ್ತಿತ್ತು.

ವತ್ಸಲಾಳ ಕಥೆ ಇಷ್ಟು. ದೂರದ ನಕ್ಷತ್ರಕ್ಕೆ ಹೊರಟ ನೌಕೆಯೊಳಗೆ ಗಂಡ ಹೆಂಡತಿ ಇಬ್ಬರೇ. ಹೊರಟ ಹೊಸತರಲ್ಲಿ ಯಂತ್ರ ಕೆಟ್ಟು, ಒಬ್ಬರು ಎಚ್ಚರವಿರಲು ಸಾಲುವಷ್ಟೇ ಗಾಳಿ ಉಳಿಯುತ್ತದೆ. ಹೀಗಾಗಿ ಒಬ್ಬರು ಎದ್ದಿರುವಾಗ ಇನ್ನೊಬ್ಬರಿಗೆ ತಣ್ಣನೆಯ ಪೆಟ್ಟಿಗೆಯಲ್ಲಿ ನಿದ್ದೆ. ಎದ್ದವರು ಅಡುಗೆ ಮಾಡಿಟ್ಟು, ಹಾಲಿಗೆ ಹೆಪ್ಪು ಹಾಕಿ, ಪಾಳಿ ಮುಗಿದಾಗ ಪೆಟ್ಟಿಗೆ ಸೇರುತ್ತಾರೆ. ಹೆಪ್ಪು ಹಾಕಿದವರು ಒಬ್ಬರು, ಮೊಸರು ಉಣ್ಣುವವರು ಇನ್ನೊಬ್ಬರು. ಹೀಗೇ ವರ್ಷಗಟ್ಟಲೆ.

ಇದು ಎಲ್ಲಿಂದ ಬಂತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಆನಂದತೀರ್ಥ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರು. ಮಗ ಸಮರ್ಥ ಸಣ್ಣವನಿದ್ದಾಗ, ಅಜ್ಜಿಯರಿಲ್ಲದ ಊರಿನಲ್ಲಿ ಕೂಸನ್ನು ಪರರ ಕೈಗೆ ಕೊಡುವುದು ಬೇಡವೆಂದು ಇಬ್ಬರೂ ಕೂಡಿ ಏರ್ಪಾಟು ಮಾಡಿಕೊಂಡಿದ್ದರು: ಅವಳ ಕೆಲಸ ಹಗಲು, ಅವನ ಕೆಲಸ ರಾತ್ರಿ. ಈ ಊರಿನಲ್ಲಿ ನಮ್ಮವರ ಎಷ್ಟೋ ಸಂಸಾರಗಳು ನಡೆದದ್ದೇ ಹೀಗೆ. ಸಮರ್ಥ ಓದಲು ಮ್ಯಾಂಚೆಸ್ಟರಿಗೆ ಹೋಗಿ ಎರಡು ವರ್ಷವಾಯಿತು. ಪಾಳಿ ಮಾತ್ರ ಹಾಗೇ ಉಳಿಯಿತು. ಸಂಜೆ ಅವಳು ಮನೆಗೆ ಬರುವಾಗ ಅವನು ಕೋಟು ಹಾಕಿಕೊಳ್ಳುತ್ತಿರುತ್ತಾನೆ. "ಪಲ್ಯಾ ಫ್ರಿಜ್ಜಿನಾಗ ಅದ" ಎಂದು ಅವನು ಹೇಳುವಷ್ಟರಲ್ಲಿ ಲಿಫ್ಟ್ ಬಂದಿರುತ್ತದೆ. ರಜೆಯ ದಿನವೂ ಅವನ ಕಣ್ಣಿಗೆ ಹಗಲೇ ರಾತ್ರಿ. ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಎದುರುಬದುರು ಕೂತು ಉಣ್ಣಬೇಕು, ಅವನ ದನಿ ಕೇಳಬೇಕು. ಒಂದೇ ಸೂರಿನಡಿ ಇರುವ ಗಂಡನಿಗಾಗಿ ಹಂಬಲಿಸುವುದೆಂದರೆ ನಾಚಿಕೆಗೇಡು ಎನಿಸಿ ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೀಗಿರುವುದೇ ಹಿತವಾಗಿದ್ದರೆ ಎಂಬ ಹೆದರಿಕೆಯೂ ಇತ್ತು.

"ಅಕ್ಕ, ಕಥೆ ಚೆನ್ನಾಗಿದೆ. ಒಂದೇ ಡೌಟು," ಎಂದ ಲೋಕೇಶ ಆ ಭಾನುವಾರ. "ಗಾಳಿ ಎಷ್ಟಿದೆ ಅಂತ ತೋರಿಸೋ ಮೀಟ್ರು ನೌಕೇಲಿ ಇದ್ದೇ ಇರುತ್ತಲ್ಲ, ಅದನ್ನ ಆಮೇಲೆ ಯಾರೂ ಯಾಕೆ ನೋಡಲ್ಲ?"

"ನೋಡ್ತಾರಲಾ. ಕಡಿಮೀನ ಇರ್ತದ."

"ನೋಡಿದ್ರು ಅಂತ ಎಲ್ಲೂ ಬರೆದಿಲ್ಲ ನೀವು. ಮಲಗಿದವರನ್ನ ಒಂದ್ಸಲ ಎಬ್ಬಿಸಿ ಕೇಳಬಹುದಿತ್ತು."

"ಎಬ್ಬಿಸಿದ್ರ ಮಲಗಿದವರ ಜೀವಕ್ಕ ಕುತ್ತು ಅಂತ ಹೆದರಿಕಿ. ಇಬ್ಬರಿಗೂ."

"ಹಾಗಾದ್ರೆ ಯಂತ್ರ ಎಂದೋ ಸರಿಹೋಗಿತ್ತು ಅಂತ ಇಡೋಣ ಅಕ್ಕ. ಗಾಳಿ ಇಬ್ಬರಿಗೂ ಸಾಕಾಗುವಷ್ಟಿತ್ತು, ಯಾರೂ ನೋಡಲಿಲ್ಲ. ಅದೇ ಕಥೆ."

ನಿನ್ನೆ ಮೊನ್ನೆ ಬಂದವನು ತನಗೇ ತೂತು ತೋರಿಸಿದನಲ್ಲ ಎಂದು ಮೊದಲು ಉರಿಯಿತು. ಆಮೇಲೆ, ತನ್ನ ಮನೆಯ ಮೀಟ್ರನ್ನೂ ತಾನು ನೋಡಿರಲಿಲ್ಲವೆಂದು ಹೊಳೆಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ಅರ್ಧ ದೋಸೆ ಬಿಟ್ಟು ಎದ್ದು ಡಿಸ್ಟ್ರಿಕ್ಟ್ ಲೈನಿನ ರೈಲು ಹತ್ತಿದಳು. ವೆಸ್ಟ್ ಹ್ಯಾಮಿನಲ್ಲಿ ರೈಲು ಬದಲಿಸುವುದನ್ನು ಮರೆತು ಮುಂದೆ ಹೋಗಿ, ಮತ್ತೆ ಹಿಂದೆ ಬಂದಳು.

ಮನೆಯಲ್ಲಿ ಪರದೆ ಎಳೆದಿತ್ತು. ಆನಂದತೀರ್ಥ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೇರೆ ದಿನವಾದರೆ ತುದಿಗಾಲಿನಲ್ಲಿ ಅಡುಗೆಮನೆಗೆ ಹೋಗುತ್ತಿದ್ದಳು. ಇಂದು ಅವನ ಭುಜ ಹಿಡಿದು ಅಲುಗಿಸಿದಳು.

"ಏನಾತು? ಸಮರ್ಥಗ ಏನಾರ ಆತೇನು?" ಎಂದು ಅವನು ಎದ್ದು ಕೂತ.

"ಯಾರಿಗೂ ಏನೂ ಆಗಿಲ್ಲ. ನಿಮ್ಮ ಕೂಡ ಮಾತಾಡಬೇಕಾಗೇದ," ಎಂದಳು. "ನೈಟ್ ಡ್ಯೂಟಿ ಬಿಡ್ರಿ ಇನ್ನ. ಹುಡುಗ ಮನ್ಯಾಗಿಲ್ಲ. ಒಬ್ಬಾಕಿನ ಉಂಡು ಉಂಡು ಸಾಕಾಗೇದ ನಂಗ."

ಅವನು ಹೊದಿಕೆ ಸರಿಸಿ ಕಾಲು ಕೆಳಗಿಟ್ಟ. ಸಿಟ್ಟು ಬಂತೇನೋ ಎಂದುಕೊಂಡಳು.

"ಅವಾ ಹೋದ ಮ್ಯಾಲೆ ಬಿಡಬೇಕಂತನ ಮಾಡಿದ್ದೆ," ಎಂದ. "ನಿಂಗ ಒಬ್ಬಾಕಿನ ಇರೋದು ರೂಢಿ ಆಗೇದ, ನಾ ನಡುವ ಬಂದ್ರ ತ್ರಾಸ ಆದೀತು ಅನ್ನಿಸ್ತು. ಭಾನುವಾರ ನೀ ಒಳಗ ಬಂದಾಗ ಎಷ್ಟೋ ಸಲ ಎಚ್ಚರ ಇರ್ತಿದ್ದೆ ವತ್ಸಲಾ. ಕರೀತೀಯೇನೋ ಅಂತ ಕಣ್ಣು ಮುಚ್ಚಿಕೊಂಡು ಮಲಗಿರ್ತಿದ್ದೆ."

ವತ್ಸಲಾ ಮಂಚದ ಅಂಚಿನಲ್ಲಿ ಕುಸಿದು ಕೂತು, ವ್ಯರ್ಥವಾಗಿ ಹೋದ ಆ ಎರಡು ವರ್ಷಕ್ಕಾಗಿ ಅತ್ತಳು.